ಹಾವಿನ ಭಯ ಕಡಿಮೆಯಾದರೆ ಎಚ್ಚರವೂ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ತೋಟದವರು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸಣ್ಣದೊಂದು ಅಡಿಕೆ ತೋಟ. ಕಳೆದ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಉದುರಡಿಕೆ ಹೆಕ್ಕುತ್ತಿದ್ದಾಗ ಒಣಗಿದ ಸೋಗೆಯೊಂದನ್ನು ಸರಿಸಲು ಕೈ ಚಾಚಿದೆ. ಬೆರಳಿನಿಂದ ಒಂದು ಗೇಣು ಆಚೆ ಕೊಳಕುಮಂಡಲವೊಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ಅದು ಬುಸುಗುಟ್ಟಿದ ಸದ್ದು ಕುಕ್ಕರಿನಿಂದ ಹಬೆ ಹೊರಟ ಹಾಗಿತ್ತು. ಪುಣ್ಯಕ್ಕೆ ಕಡಿಯಲಿಲ್ಲ. ನಾನು ಕೈ ಎಳೆದುಕೊಂಡದ್ದು ಯಾವಾಗ, ಎಷ್ಟು ದೂರ ಹಿಂದೆ ಸರಿದೆ, ಪಕ್ಕದಲ್ಲಿ ಯಾರಿದ್ದರು ಎಂಬುದೊಂದೂ ಇವತ್ತಿಗೂ ನೆನಪಿಗೆ ಬರುವುದಿಲ್ಲ. ಅದರ ಬೆನ್ನಿನ ಮೇಲಿದ್ದ ಸರಪಳಿಯಂತಹ ಕಂದು ಗುರುತುಗಳು ಮಾತ್ರ ಕಣ್ಣಿಗೆ ಕಟ್ಟಿದಂತಿವೆ.

ಅಂದಿನಿಂದ ತೋಟಕ್ಕೆ ಕಾಲಿಟ್ಟರೆ ಕಂಡದ್ದೆಲ್ಲ ಹಾವು. ಹನಿ ನೀರಾವರಿಯ ಕರಿಯ ಪೈಪು ಹಾವು, ಸೋಗೆಯ ದಿಂಡು ಹಾವು, ಬೇಲಿಗೆ ಸುತ್ತಿದ ಹಳೆಯ ಹಗ್ಗ ಹಾವು. ದಿನಕ್ಕೆ ಹತ್ತಿಪ್ಪತ್ತು ಸಲ ಎದೆ ಝಲ್ಲೆನ್ನುತ್ತದೆ. ಈ ಮಳೆಗಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಹಳ್ಳದ ಸಂಕ (ಕಾಲುಸೇತುವೆ) ದಾಟುವಾಗ ಅಂಚಿನ ಹುಲ್ಲಿನಲ್ಲಿ ಹಾವಿದೆಯೇ ಎಂದು ನೋಡುತ್ತಾ ಹೋದವಳು, ಕಾಲಡಿಯ ಅಡಿಕೆ ದಬ್ಬೆ ಕುಂಬಾಗಿದ್ದದ್ದನ್ನು ಗಮನಿಸಲೇ ಇಲ್ಲ. ದಬ್ಬೆ ಮುರಿದು ಬಿದ್ದು, ಮೊಣಕಾಲಿಗೆ ಪೆಟ್ಟಾಗಿ ಮೂರು ವಾರ ಮನೆಯಲ್ಲೇ ಕೂತೆ. ಹುಲ್ಲಿನಲ್ಲಿ ಹಾವೂ ಇರಲಿಲ್ಲ.

ಬೆಂಗಳೂರಿನಲ್ಲಿರುವ ಮಗಳು ಮೈಂಡ್‌ಫುಲ್‌ನೆಸ್ ಎಂಬ ಗಮನದ ಧ್ಯಾನವನ್ನು ಅಭ್ಯಾಸ ಮಾಡು, ಎಂಟು ವಾರಗಳ ತರಗತಿ ಇದೆ, ಭಯ ಇಳಿಯುತ್ತದೆ ಎನ್ನುತ್ತಾಳೆ. ನನ್ನ ಅಳುಕು ಬೇರೆಯದು. ತೋಟದಲ್ಲಿ ಭಯವೇ ಜೀವ ಕಾಯುವುದು. ಕಣ್ಣು ಮುಚ್ಚಿ ಕೂತು ಮನಸ್ಸನ್ನು ಶಾಂತ ಮಾಡಿಕೊಂಡು, ನಾಳೆ ನಿಜವಾದ ಹಾವು ಬಂದಾಗಲೂ ಶಾಂತವಾಗಿಯೇ ಕೈ ಹಾಕಿಬಿಟ್ಟರೆ ಗತಿ ಏನು? ಗಮನದ ಅಭ್ಯಾಸ ಅಪಾಯವನ್ನು ಕಾಣುವ ಶಕ್ತಿಯನ್ನು ಹೆಚ್ಚಿಸುತ್ತದೆಯೋ, ಕುಂದಿಸುತ್ತದೆಯೋ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಮನಃಶಾಸ್ತ್ರ ಅಧ್ಯಾಪಕ, ಶಿವಮೊಗ್ಗ

ನಿಮ್ಮ ಪ್ರಶ್ನೆಯಲ್ಲಿ ಭಯ ಮತ್ತು ಎಚ್ಚರ ಎಂಬ ಎರಡು ಮಾತುಗಳು ಒಂದೇ ಅರ್ಥದಲ್ಲಿ ಬಂದಿವೆ. ಅವೆರಡನ್ನೂ ಬಿಡಿಸಿ ನೋಡಿದರೆ ನಿಮ್ಮ ಅಳುಕಿಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ.

ಮನುಷ್ಯನ ಕಣ್ಣು ಹಾವನ್ನು ಬೇಗ ಹಿಡಿಯುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಸ್ವೀಡನ್ನಿನ ಆರ್ನೆ ಓಮಾನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೂವು ಅಣಬೆಗಳ ಚಿತ್ರಗಳ ನಡುವೆ ಅಡಗಿದ ಒಂದು ಹಾವನ್ನೋ ಜೇಡವನ್ನೋ ಜನ ಬೇಗ ಗುರುತಿಸಿದರು. ಹಾವುಗಳ ನಡುವಿನ ಒಂದು ಹೂವನ್ನು ಹುಡುಕಲು ಹೆಚ್ಚು ಹೊತ್ತು ಹಿಡಿಯಿತು. ಹಾವಿಗೆ ಅತಿಯಾಗಿ ಹೆದರುವವರು ಹಾವನ್ನು ಇನ್ನೂ ಬೇಗ ಕಂಡುಹಿಡಿದರು. 2008ರಲ್ಲಿ ವೆನೆಸ್ಸಾ ಲೋಬೂ ಮತ್ತು ಜೂಡಿ ಡಿಲೋಚೆ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳಲ್ಲೂ ಇದೇ ವೇಗವನ್ನು ಕಂಡರು. ಆದ್ದರಿಂದ ಎಂಟು ವಾರ ಕಣ್ಣು ಮುಚ್ಚಿ ಕೂತರೆ ಈ ಕಣ್ಣೇ ಮಂಕಾಗಿಬಿಡುತ್ತದೆ ಎಂದು ಹೆದರಬೇಕಾಗಿಲ್ಲ. ಎದೆ ಝಲ್ಲೆನ್ನುವುದು ನೀವು ಯೋಚಿಸಿ ಮಾಡುವ ಕೆಲಸವಲ್ಲ. ಯೋಚನೆ ಶುರುವಾಗುವ ಮೊದಲೇ ದೇಹ ಸಿದ್ಧವಾಗಿರುತ್ತದೆ. ನಿಮ್ಮ ಕೈ ಹಿಂದೆ ಬಂದದ್ದು ನಿಮಗೇ ಗೊತ್ತಾಗದೆ ಇದ್ದುದಕ್ಕೆ ಅದೇ ಕಾರಣ.

ಕೆಟ್ಟಿರುವುದು ಬೇರೊಂದು. ರೇಡಾರ್ ಪರದೆಯ ಮುಂದೆ ಕೂತು ಶತ್ರು ವಿಮಾನವನ್ನು ಗುರುತಿಸುವವರ ಕೆಲಸವನ್ನು ಅಭ್ಯಸಿಸುವಾಗ ವಿಜ್ಞಾನಿಗಳು ಎರಡು ಸಂಗತಿಗಳನ್ನು ಬೇರ್ಪಡಿಸಿದರು. ಚುಕ್ಕೆ ವಿಮಾನವೋ ಹಕ್ಕಿಯೋ ಎಂದು ಬೇರೆ ಮಾಡಿ ಗುರುತಿಸುವ ಸಾಮರ್ಥ್ಯ ಒಂದು. ಎಷ್ಟು ಅನುಮಾನ ಬಂದರೆ ‘ವಿಮಾನ’ ಎಂದು ಕೂಗಬೇಕು ಎಂಬ ಗೆರೆ ಇನ್ನೊಂದು. ಗೆರೆಯನ್ನು ತೀರ ಕೆಳಗಿಳಿಸಿದರೆ ಒಂದು ವಿಮಾನವೂ ತಪ್ಪಿಸಿಕೊಳ್ಳುವುದಿಲ್ಲ, ಆದರೆ ಹಕ್ಕಿಗಳೆಲ್ಲ ವಿಮಾನಗಳಾಗುತ್ತವೆ. ಕೊಳಕುಮಂಡಲ ಕಂಡ ದಿನದಿಂದ ನಿಮ್ಮ ಗೆರೆ ಕೆಳಗಿಳಿದಿದೆ. ಸಾಮರ್ಥ್ಯ ಹೆಚ್ಚಿಲ್ಲ. ಈಗ ನೀವು ಹೆಚ್ಚು ಹಾವು ಕಾಣುತ್ತಿಲ್ಲ, ‘ಹಾವು’ ಎಂದು ಹೆಚ್ಚು ಸಲ ಕೂಗುತ್ತಿದ್ದೀರಿ. ಹಾವಿಗೆ ಬೆಚ್ಚಿದವರು ಹಗ್ಗಕ್ಕೂ ಬೆಚ್ಚುತ್ತಾರೆ ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ.

ಈ ಗೆರೆ ತಾನಾಗಿಯೇ ಮೇಲೇರುತ್ತದೆ, ದಿನ ಕಳೆದರೆ ಸರಿಹೋಗುತ್ತದೆ ಎಂದು ಹೇಳಲು ನನಗೆ ಧೈರ್ಯವಿಲ್ಲ. 2018ರಲ್ಲಿ ಡೇವಿಡ್ ಲೆವಾರಿ, ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಒಂದರ ಹಿಂದೊಂದು ಮುಖಗಳನ್ನು ತೋರಿಸಿ, ಬೆದರಿಸುವಂತಹ ಮುಖ ಯಾವುದು ಎಂದು ಕೇಳಲಾಯಿತು. ಅಂತಹ ಮುಖಗಳನ್ನು ಕ್ರಮೇಣ ಕಡಿಮೆ ಮಾಡುತ್ತಾ ಬಂದಾಗ, ಮೊದಲು ಸಾಧಾರಣವೆಂದು ಬಿಟ್ಟಿದ್ದ ಮುಖಗಳನ್ನೇ ಜನ ಬೆದರಿಸುವ ಮುಖಗಳೆಂದು ಎಣಿಸತೊಡಗಿದರು. ನೀಲಿ ಚುಕ್ಕೆಗಳನ್ನು ಗುರುತಿಸುವ ಪ್ರಯೋಗದಲ್ಲೂ ಹೀಗೇ ಆಯಿತು. ನೀಲಿ ವಿರಳವಾದಂತೆ ನೇರಳೆಯೂ ನೀಲಿಯಾಯಿತು. ಹೀಗಾಗದಂತೆ ನೋಡಿಕೊಳ್ಳಿ ಎಂದು ಮೊದಲೇ ಎಚ್ಚರಿಸಿದರೂ ಹೆಚ್ಚು ಪ್ರಯೋಜನವಾಗಲಿಲ್ಲ. ನಿಮ್ಮ ತೋಟದಲ್ಲಿ ಒಂದು ವರ್ಷದಿಂದ ಹಾವು ಕಾಣಿಸದೆ ಇದ್ದರೂ ಹುಡುಕುವ ಕಣ್ಣು ಕೆಲಸ ಬಿಟ್ಟಿಲ್ಲ. ಹಾವು ಸಿಗದಿದ್ದಾಗ ಪೈಪನ್ನು ಹಿಡಿಯುತ್ತಿದೆ.

ಸಂಕದ ಮೇಲಿನಿಂದ ಬಿದ್ದ ಸಂಗತಿ ನನಗೆ ಇನ್ನೂ ಮುಖ್ಯವಾಗಿ ಕಂಡಿತು. ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1987ರಲ್ಲಿ ಜನರಿಗೆ ಚಿತ್ರಗಳ ಮೂಲಕ ಒಂದು ಹೋಟೆಲಿನ ದೃಶ್ಯ ತೋರಿಸಿದರು. ಕೆಲವರು ನೋಡಿದ ದೃಶ್ಯದಲ್ಲಿ ಗಿರಾಕಿಯ ಕೈಯಲ್ಲಿ ಚೆಕ್ ಇತ್ತು, ಇನ್ನು ಕೆಲವರು ನೋಡಿದ್ದರಲ್ಲಿ ಬಂದೂಕು ಇತ್ತು. ಬಂದೂಕು ನೋಡಿದವರ ಕಣ್ಣು ಮತ್ತೆ ಮತ್ತೆ ಬಂದೂಕಿಗೇ ಹೋಯಿತು. ಆಮೇಲೆ ಆ ಗಿರಾಕಿಯನ್ನು ಗುರುತಿಸುವುದರಲ್ಲಿ ಅವರು ಹಿಂದೆ ಬಿದ್ದರು. ಹಾವಿನ ಬೆನ್ನಿನ ಗುರುತು ನೆನಪಿದ್ದು ಪಕ್ಕದಲ್ಲಿದ್ದವರು ನೆನಪಿಲ್ಲ ಎಂದು ನೀವು ಬರೆದಾಗ ನನಗೆ ನೆನಪಾದದ್ದು ಇದೇ. ಗಮನ ಒಂದು ಕಡೆಗೆ ಹೋಯಿತೆಂದರೆ ಇನ್ನೊಂದು ಕಡೆಯಿಂದ ಅಷ್ಟು ಕಡಿಮೆಯಾಯಿತೆಂದೇ ಅರ್ಥ. ಆ ದಿನ ಹುಲ್ಲಿಗೆ ಕೊಟ್ಟ ಗಮನವನ್ನು ನೀವು ದಬ್ಬೆಯಿಂದ ತೆಗೆದುಕೊಂಡಿರಿ. ಭಯ ಜೀವ ಕಾಯುತ್ತದೆ ಎಂಬ ನಿಮ್ಮ ಮಾತು ಸುಳ್ಳಲ್ಲ, ಆದರೆ ಅದು ಕಾಯುವುದು ಒಂದೇ ಬಾಗಿಲನ್ನು.

ಇನ್ನು ಅಭ್ಯಾಸದ ಮಾತು. ನಿಮ್ಮ ಮಗಳು ಹೇಳುವ ಎಂಟು ವಾರಗಳ ಕ್ರಮವನ್ನು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಜಿನ್ ಆರಂಭಿಸಿದರು. ಅದರ ಬೇರು ಸತಿಪಟ್ಠಾನ ಎಂಬ ಬೌದ್ಧರ ಗಮನದ ಅಭ್ಯಾಸದಲ್ಲಿದೆ. ಅಲ್ಲಿ ಮನಸ್ಸನ್ನು ಶಾಂತಗೊಳಿಸುವುದಕ್ಕಿಂತ ಬಂದದ್ದನ್ನು ಬಂದ ಹಾಗೆ ಕಾಣುವುದಕ್ಕೆ ಒತ್ತು. ಮೊದಲು ಮುಟ್ಟುವಿಕೆ, ಆಮೇಲೆ ಹಿತ ಅಹಿತಗಳ ವೇದನೆ, ಅದರ ಬೆನ್ನಿಗೆ ತವಕ ಎಂಬ ಅನುಕ್ರಮವನ್ನು ಬೌದ್ಧರು ಬಹಳ ಹಿಂದೆಯೇ ಗುರುತಿಸಿದ್ದರು. ಝಲ್ಲೆನ್ನುವುದನ್ನು ಈ ಅಭ್ಯಾಸ ಅಳಿಸುವುದಿಲ್ಲ. ಝಲ್ಲೆಂದದ್ದಕ್ಕೂ ‘ಹಾವು’ ಎಂಬ ತೀರ್ಮಾನಕ್ಕೂ ನಡುವೆ ಇನ್ನೊಂದು ನೋಟಕ್ಕೆ ಜಾಗ ಮಾಡಿಕೊಡುತ್ತದೆ. ಕೈ ಹಿಂದೆ ಬರಲಿ, ಕಾಲು ನಿಲ್ಲಲಿ; ಆಮೇಲೆ ಕಣ್ಣು ಓಡಿಹೋಗದೆ ಅಲ್ಲೇ ಇರಲಿ. ಕನ್ನಡದ ‘ಸಾವಧಾನ’ ಎಂಬ ಪದ ನನಗೆ ಇದಕ್ಕೆ ಬಹಳ ಹೊಂದುತ್ತದೆ. ಅವಧಾನ ಎಂದರೆ ಗಮನ, ಆದರೆ ನಾವು ಸಾವಧಾನವಾಗಿ ಬಾ ಎನ್ನುವುದು ಆತುರಪಡದೆ ಬಾ ಎಂಬ ಅರ್ಥದಲ್ಲಿ. ನಿಮಗೆ ಬೇಕಾಗಿರುವುದು ಎರಡೂ ಅರ್ಥಗಳು ಕೂಡಿದ ಸಾವಧಾನ.

ಒಂದು ಮಾತನ್ನು ಮುಚ್ಚಿಡಬಾರದು. ಧ್ಯಾನದಿಂದ ಗಮನಶಕ್ತಿಯೇ ಬೆಳೆದುಬಿಡುತ್ತದೆ, ಮಿದುಳಿನ ಆಕಾರವೇ ಬದಲಾಗುತ್ತದೆ ಎಂದೆಲ್ಲ ಜಾಹೀರಾತಿನ ಧಾಟಿಯಲ್ಲಿ ಹೇಳುವವರಿದ್ದಾರೆ. 2014ರಲ್ಲಿ 47 ಪ್ರಯೋಗಗಳನ್ನು, 3,515 ಜನರ ವಿವರಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ಅಧ್ಯಯನ ಆತಂಕ ತಕ್ಕಮಟ್ಟಿಗೆ ಇಳಿಯುತ್ತದೆ ಎಂದು ಕಂಡುಕೊಂಡಿತು; ಗಮನಶಕ್ತಿಯ ವಿಷಯದಲ್ಲಿ ಸಾಕಷ್ಟು ಪುರಾವೆ ಸಿಗಲಿಲ್ಲ. ಎಂಟು ವಾರಗಳಲ್ಲಿ ಮಿದುಳಿನ ರಚನೆ ಬದಲಾಗುವುದು 2022ರ ಅಧ್ಯಯನವೊಂದರಲ್ಲಿ ಕಂಡುಬರಲಿಲ್ಲ. ಆದ್ದರಿಂದ ನಿರೀಕ್ಷೆಯನ್ನು ಹಿತಮಿತವಾಗಿ ಇಟ್ಟುಕೊಂಡು ತರಗತಿಗೆ ಸೇರಿ.

ಉತ್ತರ 2: ಸಾಗರದ ಕಡೆಯ ಕೃಷಿಕ

ಅಕ್ಕ, ಮೇಷ್ಟ್ರು ಹೇಳಿದ್ದೆಲ್ಲ ಸರಿ ಇರಬಹುದು, ಅದನ್ನು ಅಲ್ಲಗಳೆಯುವಷ್ಟು ಓದು ನನಗಿಲ್ಲ. ಮೂವತ್ತು ವರ್ಷದಿಂದ ತೋಟದಲ್ಲೇ ಇರುವವನಾಗಿ ಒಂದು ಸಂಗತಿಯನ್ನು ಮಾತ್ರ ಸೇರಿಸುತ್ತೇನೆ.

ನೀವು ಬೆಚ್ಚಿದ ವಸ್ತುಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ: ಪೈಪು, ಸೋಗೆಯ ದಿಂಡು, ಹಗ್ಗ. ಎಲ್ಲವೂ ಉದ್ದನೆಯವು. ನಿಮ್ಮ ಭಯ ಉದ್ದನೆಯ ವಸ್ತುವನ್ನು ಹುಡುಕುತ್ತಿದೆ. ಆದರೆ ನಿಮ್ಮ ಕೈಗೆ ಸಿಗುವುದರಲ್ಲಿದ್ದ ಕೊಳಕುಮಂಡಲ ಉದ್ದಕ್ಕಿತ್ತೇ? ನೀವೇ ಬರೆದಿದ್ದೀರಿ, ಸುರುಳಿ ಸುತ್ತಿಕೊಂಡಿತ್ತು ಎಂದು. ಅದು ಮಲಗಿದಾಗ ಉದ್ದ ಕಾಣುವುದೇ ಇಲ್ಲ; ಒಣಗಿದ ಸಗಣಿಯ ಹಾಗೆ, ಎಲೆಯ ಗುಡ್ಡೆಯ ಹಾಗೆ, ಬಣ್ಣಕ್ಕೆ ಬಣ್ಣ ಸೇರಿ ಮುದ್ದೆಯಾಗಿ ಬಿದ್ದಿರುತ್ತದೆ. ಕೇರೆ ಹಾವಾದರೆ ಉದ್ದಕ್ಕೆ ಹರಿದು ಸರ್ರನೆ ಓಡಿಹೋಗುತ್ತದೆ, ಅದರಲ್ಲಿ ವಿಷವೂ ಇಲ್ಲ. ಕೊಳಕುಮಂಡಲ ಓಡುವುದು ಕಡಿಮೆ, ಇದ್ದಲ್ಲೇ ಇರುತ್ತದೆ. ಅಂದರೆ ನೀವು ದಿನಕ್ಕೆ ಇಪ್ಪತ್ತು ಸಲ ಬೆಚ್ಚಿಬೀಳುತ್ತಿರುವ ಆಕಾರ ಒಂದು, ನಿಮಗೆ ನಿಜವಾಗಿ ಅಪಾಯ ತಂದ ಆಕಾರ ಇನ್ನೊಂದು. ಇಷ್ಟು ಭಯಪಟ್ಟೂ ಆ ಭಯ ನಿಮ್ಮನ್ನು ಕಾಯುತ್ತಿಲ್ಲವಲ್ಲ ಎಂದು ಓದುವಾಗ ನನಗೆ ಸಂಕಟವಾಯಿತು.

ನಮ್ಮ ತಂದೆಯವರು ಹೇಳಿಕೊಟ್ಟ ಕ್ರಮ ಒಂದೇ: ಕಣ್ಣು ಹೋಗದ ಜಾಗಕ್ಕೆ ಕೈ ಹೋಗಬಾರದು. ಉದುರಡಿಕೆ ಹೆಕ್ಕುವಾಗ ಎಡಗೈಯಲ್ಲಿ ಒಂದು ಮೊಳದ ಕೋಲು. ಸೋಗೆಯನ್ನಾಗಲಿ ಹಾಳೆಯನ್ನಾಗಲಿ ಕೋಲಿನಿಂದಲೇ ಮಗುಚುವುದು, ಮಗುಚಿ ಒಂದು ಉಸಿರು ನಿಲ್ಲುವುದು, ಆ ಒಂದು ಉಸಿರಿನಲ್ಲಿ ನೆಲವನ್ನು ಅಂಗೈ ಅಗಲ ಅಗಲವಾಗಿ ನೋಡಿ ಆಮೇಲೆ ಬಲಗೈ ಹಾಕುವುದು. ಹೊಸದಾಗಿ ಬಂದವರಿಗೆ ಇದು ನಿಧಾನ ಎನಿಸುತ್ತದೆ, ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಎಲ್ಲ ಕಡೆ ಹಾವಿದೆಯೇ ಎಂದು ನೋಡಬೇಡಿ. ಮುಂದೆ ಕೈ ಹೋಗುವ ಜಾಗ, ಕಾಲು ಹೋಗುವ ಜಾಗ, ಅಷ್ಟನ್ನು ನೋಡಿ. ಹಾಗೆ ನೋಡಿದವರಿಗೆ ಸಂಕದ ದಬ್ಬೆಯೂ ಕಾಣುತ್ತದೆ.

ಹಗ್ಗ ಮತ್ತು ಹಾವಿನ ದೃಷ್ಟಾಂತವನ್ನು ವೇದಾಂತದಲ್ಲಿ ಹೇಳುತ್ತಾರೆ. ಕತ್ತಲಲ್ಲಿ ನಿಶ್ಚಯವಾಗದ ಹಗ್ಗವನ್ನು ಒಬ್ಬ ಹಾವೆಂದು, ಇನ್ನೊಬ್ಬ ನೀರಿನ ಧಾರೆಯೆಂದು ಕಲ್ಪಿಸಿಕೊಳ್ಳುತ್ತಾನೆ ಎಂದು ಗೌಡಪಾದರ ಕಾರಿಕೆಯಲ್ಲಿ ಬರುತ್ತದೆ. ಅಲ್ಲಿ ನನಗೆ ಹಿಡಿಸಿದ ಮಾತು ‘ನಿಶ್ಚಯವಾಗದ’ ಎಂಬುದು. ಆದರೆ ದೃಷ್ಟಾಂತದಲ್ಲಿ ಕೊನೆಗೆ ಇರುವುದು ಹಗ್ಗ ಮಾತ್ರ. ನಮ್ಮ ತೋಟದಲ್ಲಿ ಹಗ್ಗವೂ ಉಂಟು, ಹಾವೂ ಉಂಟು. ಆದ್ದರಿಂದ ಎಲ್ಲವನ್ನೂ ಹಗ್ಗವೆಂದುಕೊಂಡು ಸಮಾಧಾನ ಮಾಡಿಕೊಳ್ಳುವ ದಾರಿ ನಮಗಿಲ್ಲ. ನಿಶ್ಚಯವಾಗುವ ತನಕ ನಿಂತು ನೋಡುವುದೊಂದೇ ದಾರಿ.

ಇನ್ನೆರಡು ಕೆಲಸ ಮಾಡಿ. ಬೇಡದ ಪೈಪು, ಹಗ್ಗಗಳನ್ನು ತೋಟದಿಂದ ತೆಗೆದು ಒಂದೇ ಕಡೆ ಕಟ್ಟಿಡಿ. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ, ಅಲ್ಲಿಗೆ ಹೋಗಲು ಎಷ್ಟು ಹೊತ್ತು ಬೇಕು, ರಾತ್ರಿ ಯಾರ ಗಾಡಿ ಸಿಗುತ್ತದೆ ಎಂಬುದನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಸಿಗುವ ಪ್ರತಿವಿಷ ಕೊಳಕುಮಂಡಲಕ್ಕೂ ಆಗುತ್ತದೆ. ಕಡಿತವಾದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಕೂಡದು, ನೇರ ಆಸ್ಪತ್ರೆ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಪ್ರಕರಣವೆಂದು ಘೋಷಿಸಿದ್ದು ನನಗೆ ಬಹಳ ಸಮಾಧಾನ ತಂದ ಸುದ್ದಿ.

ಉತ್ತರ 3: ಮೈಸೂರಿನ ಓದುಗಿ

ನಾನು ಹಾವಿನ ಊರಿನವಳಲ್ಲ, ಆದರೆ ಭಯದ ಊರಿನಲ್ಲಿ ನಾಲ್ಕು ವರ್ಷ ಇದ್ದವಳು. ನನಗೆ ಪ್ಯಾನಿಕ್ ಅಟ್ಯಾಕ್ ಬರುತ್ತಿತ್ತು. ಮೇಲಿನ ಇಬ್ಬರೂ ಹೊರಗಿನ ಅಪಾಯವನ್ನು ನೋಡುವ ಬಗ್ಗೆ ಬರೆದಿದ್ದಾರೆ. ಒಳಗಿನದನ್ನು ನೋಡುವುದರಲ್ಲಿ ಒಂದು ತೊಡಕಿದೆ, ಅದನ್ನು ತಿಳಿದುಕೊಂಡು ತರಗತಿಗೆ ಹೋಗುವುದು ಒಳ್ಳೆಯದು.

ನನಗೆ ಹಾವು ಎಂದರೆ ನನ್ನದೇ ಎದೆಬಡಿತ. ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡರೆ ಹೃದಯಾಘಾತವೇ ಬಂತು ಎನಿಸುತ್ತಿತ್ತು. ಹಾಗೆನಿಸಿದ ಕೂಡಲೇ ಎದೆ ಇನ್ನಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ದೇಹದ ಸಾಮಾನ್ಯ ಬದಲಾವಣೆಯನ್ನು ಅನಾಹುತವೆಂದು ಓದಿಕೊಳ್ಳುವ ಈ ಸುಳಿಯನ್ನು ಇಂಗ್ಲೆಂಡಿನ ಡೇವಿಡ್ ಕ್ಲಾರ್ಕ್ 1986ರಲ್ಲೇ ವಿವರಿಸಿದ್ದರು ಎಂಬುದು ನನಗೆ ಚಿಕಿತ್ಸೆಯ ಹೊತ್ತಿನಲ್ಲಿ ತಿಳಿಯಿತು. ಅಂತಹ ಸ್ಥಿತಿಯಲ್ಲಿ ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಎಂದರು. ಮೊದಲ ವಾರ ಅದು ಬೆಂಕಿಗೆ ಗಾಳಿ ಹಾಕಿದ ಹಾಗಾಯಿತು. ಗಮನಿಸಿದಷ್ಟೂ ಉಸಿರು ಸಾಲದೆನಿಸಿ ಎದ್ದು ಹೊರಗೆ ಓಡಿದ್ದೇನೆ. ಕಲಿಸುವವರು ಅನುಭವಿಗಳಾಗಿದ್ದರಿಂದ ಕ್ರಮವನ್ನು ಬದಲಿಸಿದರು. ಕಣ್ಣು ತೆರೆದೇ ಇರಲಿ, ಅಂಗಾಲು ನೆಲವನ್ನು ಒತ್ತುವುದನ್ನು ಗಮನಿಸಿ, ಕೋಣೆಯಲ್ಲಿ ಕೇಳಿಸುವ ಸದ್ದುಗಳನ್ನು ಗಮನಿಸಿ ಎಂದರು. ಅಂಗಾಲಿನಲ್ಲಿ ನನಗೆ ಯಾವ ಅನಾಹುತವೂ ಕಾಣಿಸಲಿಲ್ಲ. ಎರಡು ತಿಂಗಳ ಮೇಲೆ ಉಸಿರಿಗೆ ಬಂದೆ, ಆಮೇಲೆ ಎದೆಬಡಿತಕ್ಕೆ. ಈಗಲೂ ಎದೆ ಹೊಡೆದುಕೊಳ್ಳುತ್ತದೆ, ನಾನು ಅದನ್ನು ಎದೆಬಡಿತ ಎಂದೇ ಕರೆಯುತ್ತೇನೆ.

ಆದ್ದರಿಂದ ಅಕ್ಕ, ಅಭ್ಯಾಸದಿಂದ ಭಯ ಮೊದಮೊದಲು ಹೆಚ್ಚಾದರೆ ನಿಮ್ಮಲ್ಲೇನೋ ದೋಷವಿದೆ ಎಂದುಕೊಳ್ಳಬೇಡಿ, ಕಲಿಸುವವರಿಗೆ ಹೇಳಿ. ಆ ಹಾವು ಕನಸಿನಲ್ಲಿ ಬರುತ್ತಿದ್ದರೆ, ತೋಟಕ್ಕೆ ಹೋಗುವುದನ್ನೇ ತಪ್ಪಿಸುವಂತಾಗಿದ್ದರೆ, ನಿದ್ದೆ ಕೆಟ್ಟಿದ್ದರೆ ತರಗತಿಗಿಂತ ಮೊದಲು ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಹೆದರಿಸುವ ವಸ್ತುವಿನ ಹತ್ತಿರಕ್ಕೆ ಹಂತಹಂತವಾಗಿ ಕರೆದೊಯ್ಯುವ ಚಿಕಿತ್ಸೆ ಇಂತಹ ಭಯಕ್ಕೆ ಚೆನ್ನಾಗಿ ಹೊಂದುತ್ತದೆ. ಊರಿನಲ್ಲಿ ಅನುಕೂಲವಿಲ್ಲದಿದ್ದರೆ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೇಷ್ಟ್ರ ಎಚ್ಚರಿಕೆಯ ಮಾತನ್ನು ಒಪ್ಪುತ್ತಲೇ ಒಂದನ್ನು ಸೇರಿಸುತ್ತೇನೆ: ಆತಂಕದ ಕಾಯಿಲೆಯಿದ್ದ 276 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಎಂಟು ವಾರಗಳ ಅಭ್ಯಾಸ ಎಸಿಟಾಲೊಪ್ರಾಮ್ ಎಂಬ ಔಷಧಿಗಿಂತ ಕಡಿಮೆಯೇನೂ ಅಲ್ಲ ಎಂದು ಕಂಡುಬಂತು. ಹಾಗೆಂದು ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ಅದನ್ನು ನಿಲ್ಲಿಸಬಾರದು.

ಪ್ರಶ್ನೆ ಕೇಳಿದವರ ಮರುಉತ್ತರ, ಐದು ವಾರಗಳ ನಂತರ

ಮೂವರಿಗೂ ಮನಸಾರೆ ವಂದನೆಗಳು. ತರಗತಿಗೆ ಸೇರಿದ್ದೇನೆ, ನಾಲ್ಕು ವಾರ ಮುಗಿದಿದೆ. ಕನಸು, ನಿದ್ದೆಯ ತೊಂದರೆ ನನಗಿಲ್ಲ. ಆದರೂ ಮೈಸೂರಿನ ತಂಗಿ ಹೇಳಿದಂತೆ ಉಸಿರಿನ ಬದಲು ಅಂಗಾಲಿನಿಂದಲೇ ಶುರು ಮಾಡಿದೆ. ಸಾಗರದ ಅಣ್ಣ ಹೇಳಿದ ಕೋಲು ಮರುದಿನವೇ ಕೈಗೆ ಬಂತು.

ಮೊನ್ನೆ ಬೆಳಿಗ್ಗೆ ಬಸಿಗಾಲುವೆಯ ಅಂಚಿನಲ್ಲಿ ಮತ್ತೆ ಎದೆ ಝಲ್ಲೆಂದಿತು. ಕಾಲು ನಿಂತಿತು. ಮೊದಲಾಗಿದ್ದರೆ ಅಲ್ಲಿಂದಲೇ ಹಿಂದಿರುಗಿಬಿಡುತ್ತಿದ್ದೆ, ಮನೆಯವರ ಹತ್ತಿರ ಹಾವು ನೋಡಿದೆ ಎಂದೂ ಹೇಳುತ್ತಿದ್ದೆ. ಈ ಸಲ ಅಂಗಾಲನ್ನು ನೆಲಕ್ಕೊತ್ತಿ ನಿಂತು ನೋಡಿದೆ. ಕರಿಯ ಪೈಪು. ಅದರ ಮೇಲೆ ಬಿಳಿ ಅಕ್ಷರಗಳಲ್ಲಿ ಅಳತೆ ಬರೆದಿತ್ತು, ಅಂಚಿನಲ್ಲಿ ಇರುವೆಗಳ ಸಾಲು ಹರಿದಿತ್ತು. ಇಷ್ಟು ದಿನ ನೂರಾರು ಸಲ ಬೆಚ್ಚಿದ್ದರೂ ಆ ಅಕ್ಷರಗಳನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಎದೆಬಡಿತ ಇಳಿಯಲು ಆಮೇಲೂ ಸ್ವಲ್ಪ ಹೊತ್ತು ಬೇಕಾಯಿತು, ನಾನು ಕಾದೆ.

ಅದೇ ವಾರ ಕೊಟ್ಟಿಗೆಯ ಹಿಂದೆ ನಿಜವಾದ ಹಾವೂ ಕಂಡಿತು, ಕೇರೆ. ಝಲ್ಲೆಂದದ್ದು ಪೈಪಿಗೆ ಎಷ್ಟೋ ಅಷ್ಟೇ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೇಷ್ಟ್ರೇ, ನನ್ನ ಮೊದಲ ಅಳುಕಿಗೆ ಅಲ್ಲೇ ಉತ್ತರ ಸಿಕ್ಕಿತು. ಅದು ಗೋಡೆಯ ಸಂದಿಯಲ್ಲಿ ಮರೆಯಾಗುವ ತನಕ ದೂರ ನಿಂತು ನೋಡಿದೆ.

ಸಂಕಕ್ಕೆ ಹೊಸ ದಬ್ಬೆ ಹಾಕಿಸಿದ್ದೇವೆ. ಪ್ರತಿವಿಷ ಇರುವ ಆಸ್ಪತ್ರೆ ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಪಕ್ಕದ ಮನೆಯವರ ಜೀಪಿಗೆ ಹೇಳಿಟ್ಟಿದ್ದೇವೆ. ಸಾಗರದ ಅಣ್ಣನಿಗೆ ಒಂದು ಪ್ರಶ್ನೆ ಉಳಿದಿದೆ: ಮುಸ್ಸಂಜೆಯಲ್ಲಿ ಮೋಟರು ಹಾಕಲು ಹೋಗುವಾಗ ಟಾರ್ಚನ್ನು ಕಾಲಡಿಗೆ ಹಿಡಿಯುವುದು ಸರಿಯೋ, ನಾಲ್ಕು ಹೆಜ್ಜೆ ಮುಂದಕ್ಕೆ ಹಿಡಿಯುವುದು ಸರಿಯೋ?